ಬ್ಯಾಂಡ್ ಮುಗಿದ ಮೇಲೆ

ಬೆಳಿಗ್ಗೆ ತುಮಕೂರಿನಿಂದ ಬೆಂಗಳೂರಿಗೆ ಹೊರಟ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕ್ಯಾರೊಲಿನ್ ಪೊಲಾಚೆಕ್ ಹಾಡು ಹಾಕಿದೆ.

ಆಕೆ ಮೊದಲು ಚೇರ್‌ಲಿಫ್ಟ್ ಅನ್ನುವ ಅಮೆರಿಕದ ಇಂಡೀ ಬ್ಯಾಂಡಿನ ಗಾಯಕಿ. 2008ರಲ್ಲಿ ಅವರ ಒಂದು ಹಾಡು ಐಪಾಡ್ ಜಾಹೀರಾತಿನಲ್ಲಿ ಬಂದು ತುಂಬ ಜನಕ್ಕೆ ಪರಿಚಯವಾಯಿತು. 2017ಕ್ಕೆ ಬ್ಯಾಂಡ್ ಮುಗಿಯಿತು. 2019ರಲ್ಲಿ ಸ್ವಂತ ಹೆಸರಿನಲ್ಲಿ ಪಾಪ್ ಆಲ್ಬಮ್ ತಂದಾಗ ಆಕೆಗೆ 34 ವರ್ಷ. ಪಾಪ್‌ಗೆ ಹೊಸದಾಗಿ ಕಾಲಿಡುವ ವಯಸ್ಸಲ್ಲ ಅಂತಾರೆ ಜನ. ಸುಳ್ಳು ಅದು.

ಆ ದನಿ ಕೇಳಬೇಕು ನೀವು. ಒಂದೇ ಪದದ ನಡುವೆ ಸ್ವರ ಟಕ್ ಅಂತ ಮೇಲಕ್ಕೆ ಹಾರಿ, ಅಷ್ಟೇ ಮೆತ್ತಗೆ ಕೆಳಗಿಳಿಯುತ್ತದೆ. ಮೊದಲ ಸಲ ಕೇಳಿದಾಗ ಯಂತ್ರದ ಕೆಲಸ ಅಂದುಕೊಂಡಿದ್ದೆ. ಗಂಟಲಿನದೇ ಕೆಲಸವಂತೆ! ನಮ್ಮ ಗಮಕದ ನೆನಪಾಯಿತು.

ನಮ್ಮದೂ ಒಂದು ಆರ್ಕೆಸ್ಟ್ರಾ ಇತ್ತು. ನಾಲ್ಕು ಜನ, ಗಣೇಶನ ಪೆಂಡಾಲ್, ರಾತ್ರಿ ಹನ್ನೊಂದರವರೆಗೆ ಹಾಡು. ಕೀಬೋರ್ಡ್ ಹುಡುಗನಿಗೆ ಕೆಲಸ ಸಿಕ್ಕಿತು, ಇನ್ನೊಬ್ಬನಿಗೆ ಮದುವೆಯಾಯಿತು. ಮೂರು ವರ್ಷದಿಂದ ನಾನು ಮೈಕ್ ಹಿಡಿದಿಲ್ಲ. ಅವರಿಲ್ಲದೆ ನನ್ನ ಹಾಡು ಇಲ್ಲ ಅಂತ ನಂಬಿಬಿಟ್ಟಿದ್ದೆ.

ನಿನ್ನೆ ರಾತ್ರಿ ಹಳೆಯ ಹಾಡಿನ ಪುಸ್ತಕ ತೆಗೆದೆ. ಬೆವರಿಗೆ ಶಾಯಿ ಕದಡಿದೆ. ಒಂದು ಚರಣದ ಪಕ್ಕ ಕೀಬೋರ್ಡ್ ಹುಡುಗನ ಕೈಬರಹ: ‘ಇಲ್ಲಿ ಉಸಿರು ತಗೋ.’

ಭಾನುವಾರ ಮಹಡಿ ಮೇಲೆ, ಫೋನಿನಲ್ಲಿ ಶ್ರುತಿ ಹಾಕಿಕೊಂಡು, ಒಬ್ಬಳೇ ಹಾಡಿ ನೋಡುತ್ತೇನೆ.