ಚೈನೀಸ್ ಹೋಟೆಲಿಗೆ ಹೋದರೆ ಮೊದಲು ಫ್ರೈಡ್ ರೈಸ್ ತರಿಸಿ

ಒಂದು ಚೈನೀಸ್ ಹೋಟೆಲಿನ ಅಡುಗೆಮನೆ ಹೇಗಿದೆ ಅಂತ ತಿಳಿಯೋಕೆ ನಾನು ನೋಡುವುದು ಅಲ್ಲಿನ ಫ್ರೈಡ್ ರೈಸ್. ಮಂಚೂರಿಯಲ್ಲಿ ಸಾಸ್ ಸುರಿದು ಏನನ್ನಾದರೂ ಮುಚ್ಚಿಬಿಡಬಹುದು. ಫ್ರೈಡ್ ರೈಸಿನಲ್ಲಿ ಅದು ನಡೆಯಲ್ಲ. ಅನ್ನ ಮೊದಲೇ ಮಾಡಿ ಚೆನ್ನಾಗಿ ಆರಿಸಿರಬೇಕು, ಬಾಣಲೆ ಹೊಗೆಯಾಡುವಷ್ಟು ಕಾದಿರಬೇಕು, ಒಂದು ಸಲಕ್ಕೆ ಒಂದೆರಡು ಪ್ಲೇಟಿನಷ್ಟೇ ಹಾಕಿ ಕೈ ಬಿಡದೆ ಎತ್ತಿ ಹಾರಿಸಬೇಕು. ಆಗ ಅನ್ನಕ್ಕೆ ಒಂದು ಸುಟ್ಟ ಘಮ ಹತ್ತುತ್ತದೆ. ದಕ್ಷಿಣ ಚೀನಾದ ಕ್ಯಾಂಟನ್ ಕಡೆಯವರು ಅದಕ್ಕೆ ವೋಕ್ ಹೇ ಅನ್ನುತ್ತಾರೆ. ಉರಿ ಕಡಿಮೆಯಾದರೆ ಅನ್ನ ನೀರು ಬಿಟ್ಟು ಮುದ್ದೆಯಾಗುತ್ತದೆ, ಅಷ್ಟೇ.

ನಮ್ಮ ಕಲಬುರಗಿಯಲ್ಲಿ ಹೆಚ್ಚಿನವರಿಗೆ ಚೈನೀಸ್ ಪರಿಚಯ ಆದದ್ದೇ ಬಂಡಿ ಮುಂದೆ. ಸಂಜೆ ಹೊತ್ತು ಸೂಪರ್ ಮಾರ್ಕೆಟ್ ಕಡೆ ಹೋದರೆ ಈಗಲೂ ಗೋಬಿಯ ವಾಸನೆ ಕಾಲು ಕಟ್ಟಿಹಾಕುತ್ತದೆ. ಅದರ ಮೇಲೆ ನನಗೆ ಪ್ರೀತಿ ಇದೆ. ಕೋಲ್ಕತ್ತಾದಲ್ಲಿ ನೆಲೆಸಿದ ಹಕ್ಕಾ ಚೀನೀಯರು ನಮ್ಮ ಬಾಯಿರುಚಿಗೆ ಒಗ್ಗಿಸಿದ ಅಡುಗೆ ಅದು. ಮಂಚೂರಿಯನ್ನು 1970ರ ದಶಕದಲ್ಲಿ ಮುಂಬೈಯಲ್ಲಿ ಮೊದಲು ಮಾಡಿದವರು ನೆಲ್ಸನ್ ವಾಂಗ್ ಅಂತ ಹೇಳುತ್ತಾರೆ, ಅವರೂ ಕೋಲ್ಕತ್ತಾದ ಚೀನೀ ಮನೆತನದವರೇ. ಆದರೆ ಎಸಿ, ಮೆತ್ತನೆ ಕುರ್ಚಿ, ಬಟ್ಟೆಯ ನ್ಯಾಪ್ಕಿನ್ ಇರುವ ಕಡೆ ಕೂತು, ಬಂಡಿಯ ನಾಲ್ಕೈದು ಪಟ್ಟು ದುಡ್ಡು ಕೊಟ್ಟು ಮತ್ತೆ ಅದೇ ಕೆಂಪು ಸಾಸ್ ಯಾಕೆ ತಿನ್ನಬೇಕು? ಅಲ್ಲಿ ಬೇರೆ ಏನೋ ಸಿಗಬೇಕು ಅಲ್ವಾ?

ತಮ್ಮನಿಗೆ ಕೆಲಸ ಸಿಕ್ಕ ಖುಷಿಗೆ ಅವ್ವ, ಕಾಕು, ತಮ್ಮ, ನಾನು ಇಂಥ ಒಂದು ಹೋಟೆಲಿಗೆ ಹೋಗಿದ್ದೆವು. ಮೆನು ದೊಡ್ಡದಿತ್ತು. ಗೋಬಿ, ನೂಡಲ್ಸ್, ಸ್ವೀಟ್ ಕಾರ್ನ್ ಸೂಪ್ ಎಲ್ಲ ಬಿಟ್ಟು ತರಕಾರಿ ತುಂಬಿ ಹಬೆಯಲ್ಲಿ ಬೇಯಿಸಿದ ಡಿಮ್‌ಸಮ್ ಹೇಳಿದೆ. ಬಿದಿರಿನ ಬುಟ್ಟಿ ಬಂತು. ಮುಚ್ಚಳ ತೆಗೆದರೆ ತೆಳ್ಳನೆಯ, ಒಳಗಿನ ಗಜ್ಜರಿ ಬಣ್ಣ ಹೊರಗೇ ಕಾಣುವ ಹೊದಿಕೆ. ಗೋಧಿಯ ಪಿಷ್ಟವನ್ನಷ್ಟೇ ತೆಗೆದುಕೊಂಡು ಕುದಿಯುವ ನೀರಲ್ಲಿ ಕಲಸುವುದರಿಂದ ಅದು ಹಾಗೆ ಗಾಜಿನ ಥರ ಆಗುತ್ತದೆ, ಮೈದಾದಿಂದ ಆಗಲ್ಲ. ಕಾಕು ಒಂದು ಬಾಯಿಗೆ ಹಾಕಿಕೊಂಡು, "ಅವ್ವಾ, ಇದು ನಮ್ಮ ಕಡುಬೇ ಅದಲ್ಲ! ಎಣ್ಣಿ ಇಲ್ಲ ಏನಿಲ್ಲ" ಅಂದರು. ಆಮೇಲೆ ಬುಟ್ಟಿ ಅವರ ಕಡೆಯೇ ಉಳಿಯಿತು. ವಯಸ್ಸಾದವರಿಗೆ ಚೈನೀಸ್ ಸೇರಲ್ಲ ಅಂತ ಮನೆಯಲ್ಲಿ ಬಿಟ್ಟು ಹೋಗುತ್ತೇವಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಅವರಿಗೆ ಸೇರದ್ದು ಅಜಿನೊಮೊಟೊ, ಎಣ್ಣೆ, ಸಿಹಿ ಸಾಸ್. ಹಬೆಯಲ್ಲಿ ಬೆಂದದ್ದು, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಬಿಳಿ ಅನ್ನ, ಇವೆಲ್ಲ ಅವರ ಊಟವೇ.

ಆಮೇಲೆ ಕುಂಗ್ ಪಾವ್ ತರಿಸಿದೆವು, ಕೋಳಿ ಬದಲು ಪನೀರ್ ಹಾಕಿದ್ದು. ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆ, ಒಣಮೆಣಸಿನಕಾಯಿ ಮತ್ತು ಹುರಿದ ಶೇಂಗಾ ಬೀಳುತ್ತದೆ. ದಿನಾ ಶೇಂಗಾ ಹಿಂಡಿ ತಿನ್ನುವ ನಮಗೆ ಇದಕ್ಕಿಂತ ಹತ್ತಿರದ್ದು ಯಾವುದಿದೆ ಹೇಳಿ. (ಮೆಣಸಿನಕಾಯಿ ಅವರಿಗೂ ನಮಗೂ ಅಮೆರಿಕ ಖಂಡದಿಂದ ಬಂದದ್ದೇ, ಇಬ್ಬರೂ ಅದನ್ನು ಸ್ವಂತದ್ದು ಮಾಡಿಕೊಂಡಿದ್ದೇವೆ.) ಆದರೆ ಅದರಲ್ಲಿ ನಾಲಿಗೆ ಜುಮ್ ಅನ್ನಿಸುವ ಸಿಚುವಾನ್ ಮೆಣಸೇ ಇರಲಿಲ್ಲ. ಮೇಲೆ ಸಕ್ಕರೆ ಜಾಸ್ತಿ. ಕೇಳಿದರೆ ಸಪ್ಲೈಯರ್ ಹುಡುಗ, "ಇಲ್ಲಿ ಮಂದಿ ಅದನ್ನ ತಿನ್ನಲ್ಲರೀ ಅಕ್ಕಾ, ವಾಪಸ್ ಕಳಸ್ತಾರ" ಅಂದ. ಇದನ್ನು ನಾನು ಒಪ್ಪಲ್ಲ. ಜೋಳದ ರೊಟ್ಟಿ ಜೊತೆ ಹಸಿ ಮೆಣಸಿನಕಾಯಿ ಕಡಿದು ತಿನ್ನುವ ಊರಿದು. ಒಂದು ಸಲ ಕೊಟ್ಟು ನೋಡಲಿ, ಇದು ಹೀಗಿರುತ್ತದೆ ಅಂತ ಹೇಳಿ ಕೊಡಲಿ.

ಸಸ್ಯಾಹಾರಿಗಳು ಒಂದು ಮಾತು ಕೇಳಲೇಬೇಕು. ಸೊಪ್ಪು, ಅಣಬೆಯ ಪದಾರ್ಥಕ್ಕೂ ಕೆಲವು ಕಡೆ ಆಯಿಸ್ಟರ್ ಸಾಸ್ ಹಾಕುತ್ತಾರೆ. ಅದು ಸಮುದ್ರದ ಚಿಪ್ಪಿನಿಂದ ಮಾಡುವುದು. ಅಣಬೆಯಿಂದ ಮಾಡಿದ ಸಾಸೂ ಸಿಗುತ್ತದೆ, ಅದನ್ನೇ ಹಾಕಿ ಅಂತ ಹೇಳಿ. ಮಾಪೋ ತೋಫುವಿನಲ್ಲಿ ಮೂಲತಃ ಕೈಮಾ ಇರುತ್ತದೆ, ತೋಫು (ಸೋಯಾ ಪನೀರ್) ಅಂದ ಮಾತ್ರಕ್ಕೆ ಸಸ್ಯಾಹಾರ ಅಂದುಕೊಳ್ಳಬೇಡಿ. ಬಣ್ಣದ ಬಗ್ಗೆಯೂ ಕೇಳಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ, ಅದು ಬಂಡಿಗೂ ಅನ್ವಯ, ಎಸಿ ಹೋಟೆಲಿಗೂ ಅನ್ವಯ. ಕೆಂಪು ಬೇಕಿದ್ದರೆ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ.

ಇನ್ನೊಂದು, ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. ಹೇಳಿದರೆ ಟೇಬಲ್ ತುಂಬ ಒಂದೇ ಸಲ ತಂದಿಡುತ್ತಾರೆ, ಒಂದು ತಿನ್ನುವಷ್ಟರಲ್ಲಿ ಇನ್ನೊಂದು ತಣ್ಣಗಾಗುತ್ತದೆ. ಎರಡು ತರಿಸಿ, ಎಲ್ಲರೂ ಹಂಚಿಕೊಂಡು ಬಿಸಿಬಿಸಿ ತಿನ್ನಿ, ಆಮೇಲೆ ಮುಂದಿನದು. ಭಾನುವಾರ ರಾತ್ರಿ ಒಂಬತ್ತಕ್ಕೆ ಹೋಗುವ ಬದಲು ವಾರದ ಮಧ್ಯೆ ಏಳೂವರೆಗೆ ಹೋಗಿ. ಗದ್ದಲ ಇದ್ದಾಗ ಆರು ಪ್ಲೇಟಿನ ಅನ್ನ ಒಂದೇ ಬಾಣಲೆಗೆ ಬೀಳುತ್ತದೆ, ಎಂಥ ಒಳ್ಳೆ ಕುಕ್ ಇದ್ದರೂ ಆಗ ಆ ಘಮ ಬರಲ್ಲ.