ನಮ್ಮ ಮನೆಯನ್ನೂ ಪ್ರಿಂಟ್ ಮಾಡಿಸಬಹುದೇ?

ಬೆಂಗಳೂರಿನ ಹಲಸೂರಿನ ಬಳಿಯ ಕೇಂಬ್ರಿಡ್ಜ್ ಲೇಔಟಿನಲ್ಲಿ 2023ರ ಆಗಸ್ಟ್ 18ರಂದು ಒಂದು ಅಂಚೆ ಕಚೇರಿಯ ಉದ್ಘಾಟನೆಯಾಯಿತು. ಮದ್ರಾಸ್ ಐಐಟಿಯ ತಾಂತ್ರಿಕ ನೆರವಿನೊಂದಿಗೆ ಎಲ್ ಆ್ಯಂಡ್ ಟಿ ಸಂಸ್ಥೆ ಕಟ್ಟಿದ, 1,021 ಚದರಡಿಯ ಆ ಕಟ್ಟಡದ ಗೋಡೆಗಳನ್ನು ಯಂತ್ರವೊಂದು ಪದರದ ಮೇಲೆ ಪದರ ಕಾಂಕ್ರೀಟ್ ಸುರಿಯುತ್ತ ಎಬ್ಬಿಸಿತ್ತು. ಇಡೀ ಕೆಲಸ ಸುಮಾರು ಒಂದೂವರೆ ತಿಂಗಳಲ್ಲಿ ಮುಗಿದಿತ್ತು. ನಾನು ಆರ್ಕಿಟೆಕ್ಟ್ ಎಂದು ಗೊತ್ತಾದ ಕೂಡಲೇ, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರಿಂದ ಹಿಡಿದು ಹೊಸದಾಗಿ ಸೈಟು ಕೊಂಡ ನೆಂಟರವರೆಗೆ ಎಲ್ಲರೂ ಅಂದಿನಿಂದ ಒಂದೇ ಪ್ರಶ್ನೆ ಕೇಳುತ್ತಾರೆ: "ಮನೆಯನ್ನೇ ಪ್ರಿಂಟ್ ಮಾಡ್ತಾರಂತಲ್ಲ, ನಮ್ಮದನ್ನೂ ಹಾಗೇ ಮಾಡಿಸಿಬಿಡಬಹುದಾ?"

30×40 ಸೈಟಿನ ಒಂದು ಮನೆಯ ಮಟ್ಟಿಗಾದರೆ ಸದ್ಯಕ್ಕೆ ಬೇಡ ಎನ್ನುತ್ತೇನೆ. ಈ ವಿಧಾನದಲ್ಲಿ ಸಾಮಾನ್ಯವಾಗಿ ಅಚ್ಚಾಗುವುದು ಗೋಡೆ ಮಾತ್ರ; ಪಾಯ, ತಾರಸಿ, ಬಾಗಿಲು, ಕಿಟಕಿ, ನೀರಿನ ಪೈಪು, ವೈರಿಂಗ್, ನೆಲಹಾಸು ಎಲ್ಲಕ್ಕೂ ಮಾಮೂಲಿ ಕೆಲಸಗಾರರೇ ಬರಬೇಕು. ಗೋಡೆಗೆ ಬೇಕಾಗುವ ಮಿಶ್ರಣವೂ ಸುಲಭದ್ದಲ್ಲ. ಅದು ಪೈಪಿನಲ್ಲಿ ದೋಸೆ ಹಿಟ್ಟಿನಂತೆ ಹರಿದು ಬರಬೇಕು, ಹೊರಬಿದ್ದ ಮರುಗಳಿಗೆ ಮೇಲಿನ ಪದರದ ಭಾರ ಹೊರುವಷ್ಟು ಗಟ್ಟಿಯಾಗಬೇಕು, ಆದರೆ ಮೇಲಿನ ಪದರದೊಂದಿಗೆ ಬೆಸೆದುಕೊಳ್ಳಲಾರದಷ್ಟು ಒಣಗಿರಲೂಬಾರದು. ಮಾಮೂಲಿ ಮೋಲ್ಡಿಗೆ ಹಾಕುವ 20 ಮಿಲಿಮೀಟರ್ ಜಲ್ಲಿ ಆ ನಳಿಕೆಯಲ್ಲಿ ಇಳಿಯದಾದ್ದರಿಂದ ಸಿಮೆಂಟಿನ ಪಾಲು ಏರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಯಂತ್ರದ ಚೌಕಟ್ಟು ಗೋಡೆಗಳ ಹೊರಗೆ ನಿಲ್ಲಬೇಕು; ನಮ್ಮ ಬಡಾವಣೆಗಳಲ್ಲಿ ಪಕ್ಕದ ಮನೆಗೂ ನಮಗೂ ನಡುವೆ ಇರುವುದು ಮೂರಡಿ, ಅದರಲ್ಲೂ ಒಂದಡಿಯನ್ನು ಅವರ ಸಜ್ಜಾ ನುಂಗಿರುತ್ತದೆ. ಸೆಂಟ್ರಿಂಗ್ ಖರ್ಚು ಉಳಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ ಎಂಬುದು ನಿಜ. ಒಂದೇ ಬಯಲಿನಲ್ಲಿ ಐವತ್ತು ಮನೆ ಕಟ್ಟುವವರಿಗೆ ಆ ಲೆಕ್ಕ ಹೊಂದಬಹುದು.

ಇಷ್ಟು ಹೇಳಿ ಸುಮ್ಮನಾದರೆ ಕೇಳಿದವರಿಗೆ ನಿರಾಸೆ, ನನಗೂ ಸಮಾಧಾನವಿಲ್ಲ. ಏಕೆಂದರೆ ಕಂಪ್ಯೂಟರಿನ ಕಡತದಿಂದ ನೇರವಾಗಿ ತಯಾರಾದ ವಸ್ತು ಅವರ ಮನೆಯೊಳಗೆ ಆಗಲೇ ಬಂದು ಕೂತಿರುತ್ತದೆ. ಮಾಡ್ಯುಲರ್ ಕಿಚನ್ನಿನ ಹಲಗೆಗಳನ್ನು ಕಾರ್ಖಾನೆಯಲ್ಲಿ ಕತ್ತರಿಸುವುದು ಸಾಫ್ಟ್‌ವೇರ್ ಕೊಟ್ಟ ಪಟ್ಟಿಯ ಪ್ರಕಾರ. ಜೋಡಿಸುವ ದಿನ ಪ್ರತಿ ಹಲಗೆಯ ಮೇಲೂ ಅಂಟಿಸಿರುವ ಬಾರ್‌ಕೋಡ್ ಚೀಟಿಯನ್ನು ಯಾರೂ ಗಮನಿಸುವುದಿಲ್ಲ. ಗೋಡೆ ಪ್ರಿಂಟಾಗುವುದಕ್ಕಿಂತ ಎಷ್ಟೋ ದೊಡ್ಡ ಬದಲಾವಣೆ ಈ ಚೀಟಿಯಲ್ಲಿದೆ ಎಂದು ನಾನು ನಂಬಿದ್ದೇನೆ. ನಕ್ಷೆ ಎನ್ನುವುದು ಹಿಂದೆ ಕಟ್ಟುವವನಿಗೆ ಬರೆದ ಪತ್ರದಂತಿತ್ತು; ಓದಿ, ಅರ್ಥ ಮಾಡಿಕೊಂಡು, ತಪ್ಪಿದ್ದರೆ ತಿದ್ದಿ ಅವನು ಕೆಲಸ ಮಾಡುತ್ತಿದ್ದ. ಈಗ ನಡುವೆ ಓದುವವನಿಲ್ಲದೆ ನಕ್ಷೆಯೇ ಗರಗಸವನ್ನು ನಡೆಸುತ್ತದೆ.

ಇದರಿಂದ ಏನು ಸಾಧ್ಯವಾಯಿತೆಂದು ನೋಡಲು ಎರಡು ಪ್ರಸಿದ್ಧ ಕಟ್ಟಡಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. ಸಿಡ್ನಿಯ ಒಪೆರಾ ಹೌಸ್‌ಗಾಗಿ ನಡೆದ ಸ್ಪರ್ಧೆಯನ್ನು ಡೆನ್ಮಾರ್ಕಿನ ಯೋರ್ನ್ ಉಟ್ಜನ್ 1957ರಲ್ಲಿ ಗೆದ್ದಾಗ, ಚಿತ್ರದಲ್ಲಿ ಹಾಯಿಗಳಂತೆ ಕಂಡ ಆ ಚಿಪ್ಪುಗಳನ್ನು ಕಟ್ಟುವ ಬಗೆ ಯಾರಿಗೂ ಹೊಳೆದಿರಲಿಲ್ಲ. ಪ್ರತಿ ಚಿಪ್ಪಿನ ಬಾಗೂ ಬೇರೆಯಾದರೆ ಪ್ರತಿ ತುಂಡಿಗೂ ಬೇರೆ ಅಚ್ಚು ಬೇಕು, ಅಷ್ಟು ಅಚ್ಚು ಮಾಡಿಸಲು ಯಾವ ಸರ್ಕಾರದ ಖಜಾನೆಯೂ ಸಾಲದು. ಚಿಪ್ಪುಗಳೆಲ್ಲವನ್ನೂ 75 ಮೀಟರ್ ತ್ರಿಜ್ಯದ ಒಂದೇ ಗೋಳದಿಂದ, ಕಿತ್ತಳೆ ಸಿಪ್ಪೆಯಂತೆ, ಕತ್ತರಿಸಿಕೊಳ್ಳುವ ಉಪಾಯ ಸಿಕ್ಕಿದ್ದು 1961ರಲ್ಲಿ. ಗೋಳದ ಬಾಗು ಎಲ್ಲೆಡೆಯೂ ಒಂದೇ ಆದ್ದರಿಂದ ಕೆಲವೇ ಅಚ್ಚುಗಳನ್ನು ಮತ್ತೆ ಮತ್ತೆ ಬಳಸಲು ಸಾಧ್ಯವಾಯಿತು. ಕಟ್ಟಡ ತೆರೆದದ್ದು 1973ರಲ್ಲಿ. ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ತೆರೆದ, ಫ್ರಾಂಕ್ ಗೆಹ್ರಿ ವಿನ್ಯಾಸದ ಗುಗೆನ್‌ಹೈಮ್ ಮ್ಯೂಸಿಯಂಗೆ ಈ ಕಟ್ಟುಪಾಡು ಇರಲಿಲ್ಲ. ಫ್ರಾನ್ಸಿನ ಯುದ್ಧವಿಮಾನಗಳ ವಿನ್ಯಾಸಕ್ಕೆಂದು ಹುಟ್ಟಿದ ಕ್ಯಾಟಿಯಾ ಸಾಫ್ಟ್‌ವೇರಿನಲ್ಲಿ ಅದರ ಬಾಗುಗಳನ್ನೆಲ್ಲ ಅಳೆದಿಟ್ಟುಕೊಂಡು, ಒಂದರಂತೆ ಇನ್ನೊಂದಿಲ್ಲದ ತುಂಡುಗಳನ್ನು ತಯಾರಿಸಲಾಯಿತು. ಯಂತ್ರಕ್ಕೆ ನೂರು ಒಂದೇ ಬಗೆಯ ತುಂಡಾದರೂ ಒಂದೇ, ನೂರು ಬೇರೆ ಬೇರೆ ತುಂಡಾದರೂ ಹೆಚ್ಚುಕಡಿಮೆ ಒಂದೇ. ಆಮೇಲೆ ಲೋಕದ ತುಂಬ ಸೊಟ್ಟ ಕಟ್ಟಡಗಳು ಎದ್ದವು. ಅವುಗಳಲ್ಲಿ ಬಹಳಷ್ಟನ್ನು ನೋಡಿದರೆ, ಬಾಗಿಸಲು ಬರುತ್ತದೆ ಎನ್ನುವುದರ ಹೊರತು ಬಾಗಿಸಲು ಬೇರೆ ಕಾರಣವಿತ್ತೆಂದು ನನಗೆ ಅನ್ನಿಸುವುದಿಲ್ಲ.

ಕಾರಣವಿದ್ದು ಬಾಗಿದ ಕಟ್ಟಡಕ್ಕೆ ನಾನು ತೋರಿಸುವ ಉದಾಹರಣೆ 2016ರಲ್ಲಿ ವೆನಿಸ್ ದ್ವೈವಾರ್ಷಿಕ ಎಂಬ ವಾಸ್ತುಶಿಲ್ಪ ಪ್ರದರ್ಶನದಲ್ಲಿ ನಿಂತಿದ್ದ ಆರ್ಮಡಿಲೊ ಕಮಾನು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಫಿಲಿಪ್ ಬ್ಲಾಕ್ ಅವರ ತಂಡ, 399 ಸುಣ್ಣಕಲ್ಲಿನ ತುಂಡುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಆತುಕೊಳ್ಳುವಂತೆ ಜೋಡಿಸಿ, 16 ಮೀಟರಿನಷ್ಟು ಅಗಲಕ್ಕೆ ಚಾಚಿದ ಚಾವಣಿಯನ್ನು ನಿಲ್ಲಿಸಿತ್ತು. ಕೆಲವೆಡೆ ಅದರ ದಪ್ಪ ಐದು ಸೆಂಟಿಮೀಟರ್ ಮಾತ್ರ, ಅಂದರೆ ನಮ್ಮ ಹಳೆಯ ಮನೆಗಳ ಚಪ್ಪಡಿ ಕಲ್ಲಿನಷ್ಟು. ಭಾರ ಯಾವ ದಾರಿಯಲ್ಲಿ ನೆಲಕ್ಕಿಳಿಯುತ್ತದೆಂದು ಕಂಪ್ಯೂಟರ್ ಲೆಕ್ಕ ಹಾಕಿದ ಮೇಲೆ, ಪ್ರತಿ ಕಲ್ಲಿನ ಆಕಾರವೂ ಆ ದಾರಿಗೆ ಹೊಂದುವಂತೆ ಗೊತ್ತಾಯಿತು. ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದು ಸಂಗತಿ. ಕಲ್ಲನ್ನು ಯಂತ್ರದ ಮೇಲೆ ಮಗುಚಿ ಇಡುವುದಕ್ಕೆ ಹೊತ್ತು ಹಿಡಿಯುತ್ತದೆಂದು ಹೊರಮೈಯನ್ನು ಸಪಾಟಾಗಿಯೇ ಬಿಟ್ಟರು. ಒಳಮೈಯನ್ನು ನಯವಾಗಿ ಕೊರೆಯದೆ, ಚಕ್ರದ ಗರಗಸದಿಂದ ಸಾಲು ಸಾಲಾಗಿ ಸೀಳಿ, ಉಳಿದ ತೆಳು ಪಟ್ಟಿಗಳನ್ನು ಸುತ್ತಿಗೆಯಿಂದ ಒಡೆದು ತೆಗೆದರು. ಆ ಗೀರುಗಳೇ ಚಾವಣಿಯ ಅಲಂಕಾರವಾಗಿ ಉಳಿದವು. ಹತ್ಯಾರದ ಗುಣ ಆಕಾರದಲ್ಲಿ ಮೂಡುವುದು ನಮಗೇನೂ ಹೊಸತಲ್ಲ, ಬೇಲೂರಿನ ಕಡೆದ ಕಂಬಗಳ ಬಳೆಗಳು ಬಳಪದ ಕಲ್ಲನ್ನು ತಿರುಗಿಸಿದ್ದಕ್ಕೆ ಮೂಡಿದವು.

ಈ ಪಾಠ ನನಗೆ ಒಂದು ದೇವರಮನೆಯ ಬಾಗಿಲಿನಿಂದ ದಕ್ಕಿತು. ಕೆಲವು ವರ್ಷಗಳ ಹಿಂದೆ, ಎಂಟು ಮೂಲೆಯ ನಕ್ಷತ್ರಗಳ ಜಾಲಿಯನ್ನು ಬಹಳ ಮುತುವರ್ಜಿಯಿಂದ ಕಂಪ್ಯೂಟರಿನಲ್ಲಿ ಬರೆದು, 18 ಮಿಲಿಮೀಟರ್ ಹಲಗೆಯಲ್ಲಿ ಕತ್ತರಿಸಲು ಪೀಣ್ಯದ ಒಂದು ಸಿಎನ್‌ಸಿ ಶೆಡ್ಡಿಗೆ, ಅಂದರೆ ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರವಿರುವ ಶೆಡ್ಡಿಗೆ, ಕಳಿಸಿದೆ. ಯಂತ್ರ ನಡೆಸುವ ಹುಡುಗ ಫೋನ್ ಮಾಡಿ, "ಬಿಟ್ ಯಾವುದು ಹಾಕ್ಲಿ ಸಾರ್, ಆರರದ್ದಾ ಮೂರರದ್ದಾ?" ಎಂದ. ಬಿಟ್ ಎಂದರೆ ತಿರುಗುತ್ತ ಕತ್ತರಿಸುವ ಮೊನೆ, ಸಂಖ್ಯೆ ಅದರ ಮಿಲಿಮೀಟರ್ ಅಗಲ. ಅದೇನು ದೊಡ್ಡ ವಿಷಯವೆಂದು, ಬೇಗ ಆಗುವುದನ್ನು ಹಾಕು ಎಂದುಬಿಟ್ಟೆ. ಆರು ಮಿಲಿಮೀಟರಿನ ಬಿಟ್ ದುಂಡಗೆ ತಿರುಗುವುದರಿಂದ ಒಳಮೂಲೆಗೆ ಹೋದಾಗ ಮೂರು ಮಿಲಿಮೀಟರ್ ತ್ರಿಜ್ಯದ ಗುಂಡು ಬಿಟ್ಟೇ ಬರುತ್ತದೆ. ಅದರಿಂದ ಚೂಪಾದ ಒಳಮೂಲೆ ಎಂದೂ ಬಾರದು. ನನ್ನ ನಕ್ಷತ್ರಗಳೆಲ್ಲ ನೀರಿನಲ್ಲಿ ನೆನೆದ ಬಿಸ್ಕತ್ತಿನಂತೆ ಮೊಂಡಾಗಿ ಬಂದವು. ಮೂರರ ಬಿಟ್ಟನ್ನು ಅಷ್ಟು ದಪ್ಪದ ಹಲಗೆಗೆ ಓಡಿಸಿದರೆ ಹೊತ್ತು ಹೆಚ್ಚು, ಮುರಿಯುವ ಭಯವೂ ಇದೆ. ಕೊನೆಗೆ ನಮ್ಮ ಹಿರಿಯ ಬಡಗಿ ಎರಡು ದಿನ ಕೂತು, ಒಂದೊಂದು ಮೂಲೆಯನ್ನೂ ಉಳಿಯಿಂದ ಬಿಡಿಸಿಕೊಟ್ಟರು. ಅವರು ಹೇಳಿದ್ದು ಇಷ್ಟೇ: "ಮೊದಲೇ ಕೇಳಿದ್ರೆ ಈ ಡಿಸೈನ್ ಬೇಡ ಅಂತಿದ್ದೆ ಸ್ವಾಮಿ."

ಕೇಳುವ ಅಭ್ಯಾಸ ನನಗಿರಲಿಲ್ಲ, ಏಕೆಂದರೆ ಅದರ ಅಗತ್ಯ ಅಷ್ಟಾಗಿ ಬಿದ್ದಿರಲಿಲ್ಲ. ನಕ್ಷೆಯಲ್ಲಿ ನಾನು ಬಿಟ್ಟ ಎಷ್ಟೋ ಸಂಗತಿಗಳನ್ನು ಮೇಸ್ತ್ರಿಗಳು "ನೋಡ್ಕೋತೀನಿ ಬಿಡಿ ಸಾರ್" ಎಂದು ಸೈಟಿನಲ್ಲಿಯೇ ಸರಿಮಾಡುತ್ತಿದ್ದರು. ಗೋಡೆ ಅರ್ಧ ಇಂಚು ವಾಲಿದ್ದರೆ ಪ್ಲಾಸ್ಟರಿಂಗ್‌ನಲ್ಲಿ ಮುಚ್ಚುತ್ತಿದ್ದರು, ಬಾಗಿಲಿನ ಚೌಕಟ್ಟು ಹಿಡಿಯದಿದ್ದರೆ ಇಟ್ಟಿಗೆ ಕೆತ್ತುತ್ತಿದ್ದರು. ಯಂತ್ರ ನೋಡಿಕೊಳ್ಳುವುದಿಲ್ಲ; ಕೊಟ್ಟದ್ದನ್ನು ಕತ್ತರಿಸುತ್ತದೆ. ಕಾರ್ಖಾನೆಯಿಂದ ಮಿಲಿಮೀಟರ್ ಲೆಕ್ಕದಲ್ಲಿ ಬಂದ ವಾರ್ಡ್‌ರೋಬು, ರಸಮಟ್ಟ ಮತ್ತು ತೂಗುಗುಂಡಿನಿಂದ ಎದ್ದ ಗೋಡೆಗಳ ನಡುವೆ ಕೂರಬೇಕಾದಾಗ, ಒಂದು ಕಡೆ ಅಂಟಿಕೊಂಡು ಇನ್ನೊಂದು ಕಡೆ ಬೆರಳು ತೂರುವಷ್ಟು ಸಂದಿ ಬಿಡುವುದು ಇದಕ್ಕೇ. ಅಂಥ ಅಳತೆಗಳನ್ನು ಈಗ ನಾನು ನಕ್ಷೆಯಿಂದ ಕೊಡುವುದಿಲ್ಲ. ಪ್ಲಾಸ್ಟರಿಂಗ್ ಮುಗಿದು ಗೋಡೆ ಒಣಗಿದ ಮೇಲೆ, ಮೇಲೆ ಕೆಳಗೆ ನಡುವೆ ಮೂರು ಕಡೆ ಅಳೆದು, ಅತಿ ಕಡಿಮೆ ಬಂದದ್ದನ್ನೇ ಕಳಿಸುತ್ತೇನೆ.

ಆದ್ದರಿಂದ ಪ್ರಿಂಟ್ ಮಾಡಿಸಬೇಕೆಂದು ಬಂದವರಿಗೆ ನಾನು ಹೇಳುವುದಿಷ್ಟು. ಗೋಡೆ ಇಟ್ಟಿಗೆಯದ್ದೋ ಬ್ಲಾಕಿನದ್ದೋ ಇರಲಿ. ಮೆಟ್ಟಿಲಿನ ಕಬ್ಬಿಣ, ಕಿಟಕಿಯ ಗ್ರಿಲ್ಲು, ಜಾಲಿ, ಕಬೋರ್ಡುಗಳನ್ನು ಯಂತ್ರದಲ್ಲಿ ಕತ್ತರಿಸೋಣ, ಅಲ್ಲಿ ದುಡ್ಡೂ ಉಳಿದೀತು, ಕೆಲಸವೂ ಅಚ್ಚುಕಟ್ಟಾದೀತು. ಆದರೆ ಡ್ರಾಯಿಂಗಿಗೆ ಹಿಂದಿನಂತೆ ಮೂರು ವಾರವಲ್ಲ, ಮೂರು ತಿಂಗಳು ಕೊಡಿ. ಆ ಮೂರು ತಿಂಗಳಲ್ಲಿ ಮೇಸ್ತ್ರಿ, ಬಡಗಿ, ಸಿಎನ್‌ಸಿ ಶೆಡ್ಡಿನ ಹುಡುಗ ಮೂವರೂ ಒಮ್ಮೆಯಾದರೂ ನನ್ನ ಕಚೇರಿಗೆ ಬಂದು ಸ್ಕ್ರೀನಿನ ಮುಂದೆ ಕೂರುತ್ತಾರೆ, ಅವರ ಆ ದಿನದ ಕೂಲಿಯನ್ನೂ ನೀವೇ ಕೊಡಬೇಕಾಗುತ್ತದೆ. ಈ ಕೊನೆಯ ಮಾತಿಗೆ ಮಾತ್ರ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾಗಿ, ಮನೆಯಲ್ಲಿ ಕೇಳಿ ಹೇಳುತ್ತೇವೆ ಎನ್ನುತ್ತಾರೆ.