ಏಳನೇ ಗಣಪ ಸೀಳಲಿಲ್ಲ!

ಹಬ್ಬಕ್ಕೆ ಅಂತ ಮನೇಲೇ ಮಾಡಿದ ಆರು ಮಣ್ಣಿನ ಗಣಪ ಬಿರುಕು ಬಿಟ್ಟ ಮೇಲೆ ಏಳನೇದು ನಿನ್ನೆಗೆ ಪೂರ್ತಿ ಒಣಗೈತೆ, ಕೂದಲೆಳೆಯಷ್ಟೂ ಸೀಳಿಲ್ಲ. ಮಣ್ಣು ಸೋಸೋದು, ನೆನೆಹಾಕೋದು, ತುಳಿಯೋದು ಎಲ್ಲಾ ನಿಮಗೆ ಗೊತ್ತಿರೋದೇ, ನೇರ ಬಿರುಕಿಗೇ ಬರ್ತೀನಿ.

ದಾವಣಗೆರೇಲಿ ಹುಟ್ಟಿ ಎರೆಮಣ್ಣು (ಕಪ್ಪು ಮಣ್ಣು) ಬಿಟ್ಟು ಬೇರೆ ಮಣ್ಣು ಯಾಕೆ ಅನ್ನೋ ಹಠ ನಂದು. ಅಜ್ಜಿ ಮಣ್ಣೆತ್ತಿನ ಅಮಾವಾಸ್ಯೆಗೆ ಅದೇ ಹೊಲದ ಎರೆಯಲ್ಲಿ ಎತ್ತು ಮಾಡ್ತಾಳೆ, ಒಂದೂ ಸೀಳಲ್ಲ. ಆದ್ರೆ ಎತ್ತು ಬೆರಳುದ್ದ, ನನ್ನ ಗಣಪ ಒಂದೂವರೆ ಅಡಿ! ಎರೇಲಿರೋ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತೆ, ಒಣಗ್ತಾ ಕುಗ್ಗುತ್ತೆ, ಬೇಸಿಗೇಲಿ ಹೊಲ ಬಾಯಿ ಬಿಡೋದೂ ಇದಕ್ಕೇ. ಮೇಲ್ಮೈ ಒಣಗಿ ಬಿಗೀತಾ ಇದ್ರೆ ಹೊಟ್ಟೆ ಒಳಗೆ ಇನ್ನೂ ಹಸಿ, ಹಂಗಾಗಿ ಸೊಂಡಿಲ ಬುಡದಲ್ಲೇ ಪಟ್ ಅಂತ ಸೀಳೋದು.

ಮೆತ್ತಿ ಬಣ್ಣ ಬಳಿ ಅಂತೀರಾ? ನಮ್ಮನೇಲಿ ನಡೆಯಲ್ಲ. ಸೀಳಿದ್ದು ಭಿನ್ನ ಮೂರ್ತಿ, ಪೂಜೆಗೆ ಬರಲ್ಲ. ಪಿಓಪಿನೂ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬರಲ್ಲ, "ಮಣ್ಣಿಂದ ಬಂದೋನು ಮಣ್ಣಿಗೇ ಹೋಗ್ಬೇಕು, ಕೆರೇಲಿ ಕಲ್ಲಾಗಿ ಕೂತ್ರೆ ಅದೆಂಥ ವಿಸರ್ಜನೆನೋ" ಅಂತಾಳೆ ಅಜ್ಜಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚೀಲಿ ಪಿಓಪಿ ಬೇಡ ಅಂದಿದ್ದು ಅವಳಿಗೆ ಗೊತ್ತೂ ಇಲ್ಲ. ತಮಾಷೆ ಅಂದ್ರೆ ಪಕ್ಕದ ಮನೆಯೋರು ಪಿಓಪಿ ತರೋದೂ ಇದೇ ಭಿನ್ನದ ಭಯಕ್ಕೆ, ಅದು ಸೀಳಲ್ವಲ್ಲ. ಹಂಗಾಗಿ ಬಿರುಕು ನಿಲ್ಸದೆ ಕೆರೆ ಬಗ್ಗೆ ಭಾಷಣ ಮಾಡಿದ್ರೆ ನಮ್ಮ ಓಣೀಲಿ ಯಾರೂ ಕೇಳಲ್ಲ.

ಗಾದಿ ಅಂಗಡಿಯಿಂದ ಹತ್ತಿ ತಂದು ಬಿಡಿಸಿ ಬೆರೆಸಿದೆ, ಬಿರುಕು ಸಣ್ಣದಾಯ್ತು, ಹೋಗ್ಲಿಲ್ಲ. ಆನ್‌ಲೈನಲ್ಲಿ 5 ಕೆಜಿ ಜೇಡಿಮಣ್ಣು ತರಿಸಿದೆ, ಬಂದಿದ್ದು ಇಟ್ಟಿಗೆ, ಕೊರಿಯರ್ ಚಾರ್ಜು ಮಣ್ಣಿಗಿಂತ ಜಾಸ್ತಿ, ರಿಟರ್ನ್ ಕೇಳಿದ್ರೆ "ನೀರು ಹಾಕಿ ಸರ್" ಅಂತಾನೆ ಪುಣ್ಯಾತ್ಮ.

ಕೊನೆಗೆ ಕೈ ಹಿಡಿದಿದ್ದು ಮಂಡಕ್ಕಿ ಹುರಿಯೋ ಭಟ್ಟಿ! ಅಲ್ಲಿ ಭತ್ತದ ಹೊಟ್ಟು ಉರಿಸಿದ ಬೂದಿ. (ಹೊಟ್ಟಿನದೇ ತಗೊಳ್ಳಿ, ಟೈರ್ ಉರಿಸೋ ಭಟ್ಟಿ ಕಡೆ ಕಾಲಿಡಬೇಡಿ.) ಬೂದಿ ನೀರಿಗೆ ಉಬ್ಬಲ್ಲ, ಕುಗ್ಗಲ್ಲ, ಮಣ್ಣಿನ ಕಣದ ಮಧ್ಯೆ ಕೂತು ಎಳೆತ ತಡೆಯುತ್ತೆ. 10 ಸೆಂಮೀ ಪಟ್ಟಿ ಮಾಡಿ ಒಣಗಿಸಿ ಅಳೆದೆ, ಬರೀ ಎರೆ 8.8ಕ್ಕೆ ಇಳೀತು, ನಾಲ್ಕು ಪಾಲು ಎರೆಗೆ ಒಂದು ಪಾಲು ಬೂದಿ ಹಾಕಿದ್ದು 9.4ಕ್ಕೇ ನಿಂತಿತು. ಪೂಜೆಗೆ ಬೂದಿ ಬೆರೆಸಿದ್ದು ನಡೆಯುತ್ತೇನಜ್ಜಿ ಅಂದ್ರೆ "ಶಿವನ ಮಗನಿಗೆ ಬೂದಿ ಹೊಸದೇನೋ" ಅಂದ್ಲು.

ಕಿವಿ, ಸೊಂಡಿಲು ತೆಳು, ಬೇಗ ಒಣಗ್ತವೆ, ಅದಕ್ಕೆ ಅವಕ್ಕೆ ಪ್ಲಾಸ್ಟಿಕ್ ಸುತ್ತಿ, ಮೈಗೆ ನಾಲ್ಕು ದಿನ ಒದ್ದೆ ಬಟ್ಟೆ. ಒಳಗೂ ಒಣಗ್ಲಿ ಅಂತ ಕೆಳಗಿಂದ ಹೊಟ್ಟೆ ಕೆರೆದು ಟೊಳ್ಳು ಮಾಡುವಾಗ "ಕಡುಬು ತಿನ್ನೋನ ಹೊಟ್ಟೇನೇ ಖಾಲಿ ಮಾಡ್ತೀಯಲ್ಲೋ" ಅಂತ ಅಜ್ಜಿ ಹತ್ರ ಬೈಸ್ಕೊಂಡಿದ್ದೂ ಆಯ್ತು. ಇದೇ ಹದದ ಒಂದು ಪುಟ್ಟ ಗಣಪನ್ನ ಬಕೆಟ್ಟಿಗೆ ಬಿಟ್ಟೆ, ಅರ್ಧ ಗಂಟೇಲಿ ಕೆಸರು, ದಾಸವಾಳದ ಬುಡಕ್ಕೆ ಸುರಿದೆ.

ಬಣ್ಣಕ್ಕೆ ಅರಿಶಿಣ, ಕೆಮ್ಮಣ್ಣು. ದೇವಸ್ಥಾನದಲ್ಲಿ ಎಸೆಯೋ ಚೆಂಡುಹೂ ಒಣಗಿಸಿ ಬಣ್ಣ ತೆಗೆಯೋ ಪ್ಲಾನೂ ಐತೆ, ಎರಡು ಮೂಟೆ ತಂದಿಟ್ಟೀನಿ, ಮನೆ ತುಂಬಾ ಸೊಳ್ಳೆ.

ನಿನ್ನೆ ರಾತ್ರಿ ಅಜ್ಜಿ ಟಾರ್ಚ್ ಹಾಕಿ ಗಣಪನ್ನ ಸುತ್ತಲೂ ನೋಡಿದ್ಲು. ಪಾಸ್ ಅನ್ಕೊಂಡೆ. "ಚೆಂದಾಗೈತಿ ಬಿಡು. ಗೌರಿ ಎಲ್ಲಿ? ಅವ್ವ ಮುಂಚೆ ಬರ್ದೆ ಮಗ ಒಬ್ನೇ ಬರ್ತಾನೇನೋ?"

ಹಬ್ಬಕ್ಕೆ ಹದಿನೈದು ದಿನ, ಎರೆ ಖಾಲಿ, ಹೊಲದಲ್ಲಿ ಮೊಣಕಾಲುದ್ದ ಕೆಸರು.